ಆರ್ಕಿಡ್ ಕೇಳುವುದು ಮಳೆನೀರನ್ನು

ಗೃಹಪ್ರವೇಶಕ್ಕೆ, ನಿಶ್ಚಿತಾರ್ಥಕ್ಕೆ, ಹೊಸ ಅಂಗಡಿಯ ಪೂಜೆಗೆ ಆರ್ಕಿಡ್ ಕುಂಡ ಕೊಡುವ ರೂಢಿ ಬೆಂಗಳೂರಿನಿಂದ ಕೋಲಾರ, ಮಾಲೂರಿನ ಕಡೆಗೂ ಹಬ್ಬಿದೆ. ತಂದ ಹೂ ಎರಡು ಮೂರು ತಿಂಗಳು ಬಾಡದೆ ನಿಲ್ಲುತ್ತದೆ, ಮನೆಯವರಿಗೆ ಸಂತೋಷವಾಗುತ್ತದೆ. ಹೂ ಉದುರಿದ ಮೇಲೆ ಎಲೆ ಸುಕ್ಕುಗಟ್ಟುತ್ತದೆ, ಬೇರು ಕಪ್ಪಾಗುತ್ತದೆ, ಒಂದು ವರ್ಷ ತುಂಬುವುದರೊಳಗೆ ಕುಂಡ ಹಿತ್ತಲಿನ ಮೂಲೆ ಸೇರುತ್ತದೆ. ಆಗ ಎಲ್ಲರೂ ಹೇಳುವ ಮಾತು ಒಂದೇ: ಇದು ಮಲೆನಾಡಿನ ಗಿಡ, ನಮ್ಮ ಒಣಸೀಮೆಗೆ ಒಗ್ಗುವುದಿಲ್ಲ. ಈ ತೀರ್ಪು ತಪ್ಪು ಎಂಬುದು ನನ್ನ ವಾದ. ಕೋಲಾರದ ಹವೆ ಆರ್ಕಿಡ್ಡಿಗೆ ಶತ್ರುವಲ್ಲ. ಗಿಡ ಸಾಯುತ್ತಿರುವುದು ನಾವು ಅದಕ್ಕೆ ಹಾಕುತ್ತಿರುವ ಕೊಳವೆಬಾವಿಯ ನೀರಿನಿಂದ, ಅದನ್ನೂ ಬೇಕಾದ್ದಕ್ಕಿಂತ ಹೆಚ್ಚು ಹಾಕುವುದರಿಂದ. ಹಾಗಾಗಿ ಈ ಜಿಲ್ಲೆಯಲ್ಲಿ ಆರ್ಕಿಡ್ ಸಾಕಬಯಸುವವರು ಗಿಡ ಕೊಳ್ಳುವ ಮೊದಲು ತಾರಸಿಯ ಮಳೆನೀರು ಹಿಡಿಯಲು ಒಂದು ಡ್ರಮ್ ಇಡಬೇಕು. ಡ್ರಮ್ ಇಡಲು ಮನಸ್ಸಿಲ್ಲದವರು ಗಿಡವನ್ನೂ ಕೊಳ್ಳಬಾರದು.

ಮೊದಲು ಹವೆಯನ್ನೇ ನೋಡೋಣ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ನಾಲ್ಕೂ ಸಮುದ್ರಮಟ್ಟದಿಂದ 800 ಮೀಟರಿಗಿಂತ ಎತ್ತರದಲ್ಲಿವೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಬಿಸಿಲು 35 ಡಿಗ್ರಿಯ ಆಸುಪಾಸಿಗೆ ಬರುತ್ತದೆ ನಿಜ, ಆದರೆ ರಾತ್ರಿ ತಣ್ಣಗಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಹಗಲು ಹಿತವಾಗಿದ್ದು ರಾತ್ರಿ 15 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. ಅಂಗಡಿಗಳಲ್ಲಿ ಅತಿ ಹೆಚ್ಚು ಮಾರಾಟವಾಗುವ ಫಲನಾಪ್ಸಿಸ್ ಜಾತಿಗೆ ಹೂದಂಟು ಹೊರಡಬೇಕಾದರೆ ಕೆಲವು ವಾರ ಉಷ್ಣಾಂಶ 25-26 ಡಿಗ್ರಿಗಿಂತ ಕೆಳಗಿರಬೇಕು. ಸದಾ 28 ಡಿಗ್ರಿಗಿಂತ ಮೇಲಿದ್ದರೆ ಅದು ಎಲೆ ಬಿಡುತ್ತದೆ, ಹೂ ಬಿಡುವುದಿಲ್ಲ. ಹಾಲೆಂಡಿನಲ್ಲಿ, ತೈವಾನಿನಲ್ಲಿ ಇದನ್ನು ಬೆಳೆಯುವವರು ಈ ತಂಪಿಗಾಗಿ ಗಾಜಿನ ಮನೆಗಳನ್ನು ಯಂತ್ರದಿಂದ ತಣಿಸುತ್ತಾರೆ. ಕರಾವಳಿಯ ಮನೆಗಳಲ್ಲಿ ಗಾಳಿಯ ತೇವ ಬೇಕಾದಷ್ಟಿದ್ದರೂ ರಾತ್ರಿಯ ಸೆಕೆಯಿಂದಾಗಿ ಇದೇ ಗಿಡ ಎರಡನೆಯ ಸಲ ಹೂಬಿಡಲು ಹಿಂಜರಿಯುತ್ತದೆ. ಅದಕ್ಕೆ ಬೇಕಾದ ಚಳಿ ಕೋಲಾರದಲ್ಲಿ ಪುಕ್ಕಟೆ ಸಿಗುತ್ತದೆ. ಡೆಂಡ್ರೋಬಿಯಂ ನೋಬಿಲೆ ಎಂಬ ಇನ್ನೊಂದು ಜಾತಿಯಿದೆ. ಹಿಮಾಲಯದ ತಪ್ಪಲಿನ ಈ ಗಿಡಕ್ಕೆ ಚಳಿಗಾಲದಲ್ಲಿ ತಂಪೂ ಬೇಕು, ಒಣಗಾಲವೂ ಬೇಕು. ಆ ವಿಶ್ರಾಂತಿ ಸಿಗದಿದ್ದರೆ ಮೊಗ್ಗು ಬರಬೇಕಾದ ಗೆಣ್ಣಿನಲ್ಲಿ ಮರಿಗಿಡ ಬರುತ್ತದೆ. ಮಳೆ ನಿಂತು, ಚಳಿ ಬಿದ್ದು, ಶಿವರಾತ್ರಿಯವರೆಗೆ ಹನಿ ಬೀಳದ ನಮ್ಮ ಸೀಮೆಯ ಋತುಚಕ್ರ ಅದಕ್ಕೆ ಸರಿಯಾಗಿಯೇ ಹೊಂದುತ್ತದೆ.

ಒಣಹವೆಯನ್ನು ಆರ್ಕಿಡ್ ತಡೆಯಲಾರದು ಎಂಬ ನಂಬಿಕೆಯೂ ಅರ್ಧ ಸತ್ಯ. ಮನೆಗಳಲ್ಲಿ ಸಾಕುವ ಆರ್ಕಿಡ್‌ಗಳಲ್ಲಿ ಬಹುಪಾಲು ಮರದ ಕೊಂಬೆಯ ಮೇಲೆ ಬದುಕಲು ಹುಟ್ಟಿದವು. ಕೊಂಬೆಯ ಮೇಲೆ ಮಣ್ಣಿಲ್ಲ, ಮಳೆ ನಿಂತ ಗಂಟೆಯೊಳಗೆ ತೊಗಟೆ ಒಣಗುತ್ತದೆ. ಹೀಗಾಗಿ ಅವುಗಳ ಬೇರಿನ ಸುತ್ತ ಸ್ಪಂಜಿನಂಥ ಬಿಳಿಯ ಪದರವೊಂದಿದೆ. ಮಳೆ ಬಿದ್ದ ಕ್ಷಣ ಅದು ನೀರನ್ನು ಹೀರಿ ಹಸಿರಾಗುತ್ತದೆ, ಒಣಗಿದಾಗ ಬೆಳ್ಳಗಾಗಿ ಒಳಗಿನ ಜೀವವನ್ನು ಕಾಯುತ್ತದೆ. ಫಲನಾಪ್ಸಿಸ್, ವಾಂಡಾ ಮೊದಲಾದವು ಕಳ್ಳಿ, ಕತ್ತಾಳೆಗಳ ಹಾಗೆ ಹಗಲು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆದು ಉಸಿರಾಡುತ್ತವೆ. ಬಿಸಿಲಿನಲ್ಲಿ ನೀರು ಆವಿಯಾಗದಂತೆ ಉಳಿಸಿಕೊಳ್ಳುವ ಉಪಾಯ ಇದು. ಇಂಥ ಗಿಡ ಬರಕ್ಕೆ ಹೆದರಬೇಕಾಗಿಲ್ಲ. ಅದು ಸಹಿಸಲಾರದ್ದು ಎರಡು: ಬೇರು ಸದಾ ಒದ್ದೆಯಾಗಿರುವುದು ಮತ್ತು ಬೇರಿನ ಮೇಲೆ ಉಪ್ಪು ಕೂರುವುದು. ಮಳೆನೀರಿನಲ್ಲಿ ಉಪ್ಪಿನಂಶ ಇಲ್ಲವೆನ್ನುವಷ್ಟು ಕಡಿಮೆ. ಕೊಂಬೆಯ ಮೇಲಿನ ಬೇರು ಲಕ್ಷಾಂತರ ವರ್ಷಗಳಿಂದ ಆ ನೀರಿಗೇ ಹೊಂದಿಕೊಂಡು ಬಂದಿದೆ, ಗಡಸು ನೀರನ್ನು ಸೋಸಿ ಕುಡಿಯುವ ಅಗತ್ಯ ಅದಕ್ಕೆ ಎಂದೂ ಬಿದ್ದಿರಲಿಲ್ಲ.

ಈಗ ನಮ್ಮ ನಲ್ಲಿಯಲ್ಲಿ ಬರುವ ನೀರಿನ ಕಡೆ ಬರೋಣ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಎರಡು ಸಾವಿರಕ್ಕೂ ಹೆಚ್ಚು ಕೆರೆಗಳನ್ನು ಕಟ್ಟಿದ ಹಿರಿಯರ ನಾಡು ಈಗ ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಮೇಲೆ ನಿಂತಿದೆ. ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ ಮೇಲೆ ಹೇಳಿದ ನಾಲ್ಕೂ ತಾಲ್ಲೂಕುಗಳು ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿವೆ. ಅಷ್ಟು ಆಳದ ನೀರು ಬಹುಕಾಲ ಬಂಡೆಯ ಬಿರುಕುಗಳಲ್ಲಿ ನಿಂತು ಕ್ಯಾಲ್ಸಿಯಂ, ಬೈಕಾರ್ಬನೇಟ್, ಸೋಡಿಯಂ, ಫ್ಲೋರೈಡ್‌ಗಳನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದ ಫ್ಲೋರೈಡ್ ಇಲ್ಲಿನ ಎಷ್ಟೋ ಹಳ್ಳಿಗಳಲ್ಲಿ ಆ ಮಿತಿಯನ್ನು ದಾಟಿದ್ದರಿಂದಲೇ ಊರೂರಿಗೆ ಶುದ್ಧ ನೀರಿನ ಘಟಕಗಳು ಬಂದವು. ಕರಗಿದ ಲವಣಗಳ ಒಟ್ಟು ಪ್ರಮಾಣ, ಅಂದರೆ ಟಿಡಿಎಸ್, ಕುಡಿಯುವವರಿಗೆ ಲೀಟರಿಗೆ 500 ಮಿಲಿಗ್ರಾಂವರೆಗೆ ಇದ್ದರೆ ಒಪ್ಪಬಹುದು, ಬೇರೆ ದಾರಿಯಿಲ್ಲದಿದ್ದರೆ 2000ದವರೆಗೂ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಆರ್ಕಿಡ್ ನೆಮ್ಮದಿಯಾಗಿರಬೇಕಾದರೆ 200ರ ಒಳಗಿರಬೇಕು. ಮನುಷ್ಯ ಕುಡಿಯಬಹುದಾದ ನೀರು ಈ ಗಿಡಕ್ಕೆ ಆಗದೆ ಹೋಗುವುದು ಹೀಗೆ. ಬಕೆಟ್ಟಿನ ಅಂಚಿನಲ್ಲಿ, ಸ್ನಾನದ ಮನೆಯ ಟೈಲ್ಸ್ ಮೇಲೆ ಕಟ್ಟುವ ಬಿಳಿಯ ಗಾರೆ ಆರ್ಕಿಡ್ಡಿನ ಬೇರಿನ ಮೇಲೂ ಕಟ್ಟುತ್ತದೆ. ಒಂದೇ ಸಲಕ್ಕೆ ಏನೂ ಆಗುವುದಿಲ್ಲ. ನೀರು ಆವಿಯಾಗಿ ಉಪ್ಪು ಉಳಿಯುತ್ತದೆ, ಮರುದಿನ ಮತ್ತಷ್ಟು ಸೇರುತ್ತದೆ, ಆರು ತಿಂಗಳಿಗೆ ಬೇರಿನ ತುದಿ ಸುಟ್ಟಂತಾಗುತ್ತದೆ. ಬೇರು ಹೋದ ಗಿಡದ ಎಲೆ ನೀರಿಲ್ಲದೆ ಸುಕ್ಕಾಗುತ್ತದೆ, ಅದನ್ನು ಕಂಡ ಮನೆಯವರು ಬಾಯಾರಿಕೆಯೆಂದು ತಿಳಿದು ಅದೇ ನೀರನ್ನು ಇನ್ನಷ್ಟು ಹಾಕುತ್ತಾರೆ.

ನೀರು ಕಾಯಿಸಿ ಆರಿಸಿ ಹಾಕಿದರೆ ಸರಿಹೋಗುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಕಾಯಿಸಿದರೆ ಗಡಸುತನದ ಒಂದು ಭಾಗ ಪಾತ್ರೆಯ ತಳದಲ್ಲಿ ಕೂರಬಹುದು, ಸೋಡಿಯಂ, ಕ್ಲೋರೈಡ್, ಫ್ಲೋರೈಡ್‌ಗಳು ಎಲ್ಲಿಗೂ ಹೋಗುವುದಿಲ್ಲ. ಹೊಸ ಮನೆಗಳಲ್ಲಿ ಕೂರಿಸುತ್ತಿರುವ ವಾಟರ್ ಸಾಫ್ಟ್‌ನರ್ ಇನ್ನೂ ಕೆಡುಕು: ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೊಡುತ್ತದೆ. ನೊರೆ ಚೆನ್ನಾಗಿ ಬರುತ್ತದೆ, ಗಿಡ ಬೇಗ ಸಾಯುತ್ತದೆ. ಇನ್ನು ಆರ್‌ಓ ನೀರು. ಗಿಡದ ದೃಷ್ಟಿಯಿಂದ ಅದರಲ್ಲಿ ದೋಷವಿಲ್ಲ, ಉಪ್ಪು ಹೋಗಿರುತ್ತದೆ. ಆದರೆ ಮನೆಯ ಆರ್‌ಓ ಯಂತ್ರ ಒಂದು ಲೀಟರ್ ಶುದ್ಧ ನೀರು ಕೊಡಲು ಅದಕ್ಕಿಂತ ಹೆಚ್ಚು ನೀರನ್ನು ಹೊರಚೆಲ್ಲುತ್ತದೆ. ಸಾವಿರ ಅಡಿಯಿಂದ ವಿದ್ಯುತ್ ಸುಟ್ಟು ಎತ್ತಿದ ನೀರಿನ ಅರ್ಧಕ್ಕಿಂತ ಹೆಚ್ಚನ್ನು ಚರಂಡಿಗೆ ಬಿಟ್ಟು ಉಳಿದದ್ದನ್ನು ಹೂಗಿಡಕ್ಕೆ ಹಾಕುವುದು ಈ ಜಿಲ್ಲೆಯಲ್ಲಿ ಅನ್ಯಾಯ. ಹೊರಚೆಲ್ಲಿದ ನೀರನ್ನೇ ಉಳಿತಾಯವೆಂದು ಕುಂಡಕ್ಕೆ ಹಾಕುವವರೂ ಇದ್ದಾರೆ. ಅದರಲ್ಲಿ ಮೂಲ ನೀರಿನಲ್ಲಿದ್ದ ಉಪ್ಪೆಲ್ಲ ಒಟ್ಟುಗೂಡಿರುತ್ತದೆ, ನೆಲ ಒರೆಸಲು ಅದು ಸರಿ, ಆರ್ಕಿಡ್ಡಿಗೆ ಬೇಡವೇ ಬೇಡ.

ಉಳಿಯುವುದು ಮಳೆನೀರು. ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸಿನ ಮಳೆಯ ನಾಡಿನಲ್ಲಿ ಹೂಗಿಡಕ್ಕೆ ಮಳೆನೀರು ಎಲ್ಲಿಂದ ತರುವುದು ಎಂದು ಕೇಳುವವರು ಲೆಕ್ಕ ಹಾಕಿ ನೋಡಬೇಕು. 30x40 ನಿವೇಶನದ ಪೂರ್ತಿ ಸೂರು ಸುಮಾರು 111 ಚದರ ಮೀಟರ್. ಅದರ ಮೇಲೆ 20 ಮಿಲಿಮೀಟರಿನ ಒಂದು ಹದವಾದ ಮಳೆ ಸುರಿದರೆ 2,200 ಲೀಟರ್ ಬೀಳುತ್ತದೆ. ಸೋರಿದ್ದು, ಆವಿಯಾದದ್ದು, ಕೊಳೆ ತೊಳೆಯಲು ಬಿಟ್ಟದ್ದು ಕಳೆದರೂ ಸಾವಿರದ ಐನೂರು ಲೀಟರಿಗೆ ಮೋಸವಿಲ್ಲ. ಖರ್ಚು ಎಷ್ಟು? ಮನೆಯಲ್ಲಿ ಹತ್ತು ಕುಂಡಗಳಿವೆಯೆಂದುಕೊಳ್ಳಿ. ಒಂದೊಂದಕ್ಕೆ ಅರ್ಧ ಲೀಟರಿನಂತೆ, ಬೇಸಿಗೆಯೆಂದು ಮೂರು ದಿನಕ್ಕೊಮ್ಮೆ ಹಾಕಿದರೆ ಒಂದು ಸಲಕ್ಕೆ ಐದು ಲೀಟರ್. ಡಿಸೆಂಬರಿನಿಂದ ಏಪ್ರಿಲ್ ಮಧ್ಯದವರೆಗಿನ ಸುಮಾರು 140 ದಿನಗಳ ಒಣಗಾಲಕ್ಕೆ 235 ಲೀಟರ್ ಸಾಕು. 200 ಲೀಟರಿನ ಎರಡು ಡ್ರಮ್ಮುಗಳಲ್ಲಿ ಇಷ್ಟೂ ಹಿಡಿದು ಇನ್ನೂ ಮಿಗುತ್ತದೆ, ಅವು ತುಂಬಲು ಅಕ್ಟೋಬರಿನ ಒಂದೇ ಸಂಜೆಯ ಮಳೆ ಸಾಕು. ಮೊದಲ ಕೆಲವು ನಿಮಿಷದ ನೀರನ್ನು ಹೊರಗೆ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಬೆಳಕು ಹೋಗದ ಡ್ರಮ್ಮಿನಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಪಾಚಿ ಕಟ್ಟುವುದಿಲ್ಲ, ಸೊಳ್ಳೆ ಮೊಟ್ಟೆಯಿಡುವುದಿಲ್ಲ. ಮುಚ್ಚದ ಡ್ರಮ್ ಡೆಂಗಿಗೆ ಆಹ್ವಾನ, ಅದರಲ್ಲಿ ರಾಜಿ ಸಲ್ಲದು.

ಇಲ್ಲಿ ಒಂದು ಗಂಭೀರವಾದ ಆಕ್ಷೇಪಣೆ ಇದೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಟ್ಯಾಂಕರಿಗಾಗಿ ಕಾಯುವ ಬೀದಿಗಳಿರುವ ಜಿಲ್ಲೆಯಲ್ಲಿ, ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯ ಕೊಳವೆಗಳಲ್ಲಿ 2018ರಿಂದ ಕೆರೆಗಳಿಗೆ ತುಂಬಿಸಿಕೊಳ್ಳುತ್ತಿರುವ ಜಿಲ್ಲೆಯಲ್ಲಿ, ಆರ್ಕಿಡ್ ಸಾಕುವುದು ಉಳ್ಳವರ ಷೋಕಿಯಲ್ಲವೇ? ಕೊಳವೆಬಾವಿ ನೀರಿನಿಂದಲೋ ಆರ್‌ಓ ನೀರಿನಿಂದಲೋ ಸಾಕಿದರೆ ಈ ಆಕ್ಷೇಪಣೆ ಸರಿಯಾಗಿಯೇ ಇದೆ. ಮಳೆನೀರಿನಿಂದ ಸಾಕಿದರೆ ಮಾತ್ರ ಅದು ನಿಲ್ಲುವುದಿಲ್ಲ, ಏಕೆಂದರೆ ಆ 235 ಲೀಟರ್ ಯಾರ ಬಿಂದಿಗೆಯಿಂದಲೂ ಬಂದದ್ದಲ್ಲ, ತಾರಸಿಯಿಂದ ಚರಂಡಿಗೆ ಹೋಗುತ್ತಿದ್ದದ್ದು. ಒಂದು ಹುಲ್ಲುಹಾಸು, ಒಂದು ಸಾಲು ಕ್ರೋಟನ್ ಕುಡಿಯುವ ನೀರಿನ ಮುಂದೆ ಹತ್ತು ಆರ್ಕಿಡ್ ಕುಂಡಗಳದ್ದು ಲೆಕ್ಕಕ್ಕೆ ಬಾರದಷ್ಟು. ಇನ್ನೂ ಒಂದು ಕಾರಣವಿದೆ. ಮಳೆನೀರು ಹಿಡಿಯಿರಿ ಎಂದು ಸರ್ಕಾರ ಹೇಳಿದಾಗ ಜನ ಅದನ್ನು ನಿಯಮವಾಗಿ ನೋಡುತ್ತಾರೆ. ಕೊಳವೆ ಜೋಡಿಸಿ, ಪ್ರಮಾಣಪತ್ರ ಪಡೆದು ಮರೆಯುತ್ತಾರೆ. ಬೆಂಗಳೂರಿನಲ್ಲಿ 2009ರಲ್ಲಿ ಕಾನೂನು ಬಂದ ಮೇಲೂ ಎಷ್ಟೋ ಕಟ್ಟಡಗಳಲ್ಲಿ ಆದದ್ದು ಇದೇ. ಮೆಚ್ಚಿದ ಗಿಡದ ಜೀವ ಡ್ರಮ್ಮಿನಲ್ಲಿದೆಯೆಂದು ತಿಳಿದವರು ಮೋಡ ಕಟ್ಟಿದೊಡನೆ ತಾರಸಿ ಗುಡಿಸುತ್ತಾರೆ, ಜಾಲರಿ ತೊಳೆಯುತ್ತಾರೆ. ಒಂದು ಸಂಜೆಗೆ ತಮ್ಮ ಸೂರಿನ ಮೇಲೆ ಎಷ್ಟು ನೀರು ಬೀಳುತ್ತದೆಂದು ಒಮ್ಮೆ ಕಣ್ಣಾರೆ ಕಂಡವರಿಗೆ ಎರಡು ಡ್ರಮ್ ಸಾಲದೆನಿಸುತ್ತದೆ. ಆರ್ಕಿಡ್‌ನಿಂದ ಕೋಲಾರದ ನೀರಿನ ಬವಣೆ ತೀರುತ್ತದೆಂದು ನಾನು ಹೇಳುತ್ತಿಲ್ಲ. ಮನೆಯ ಮಟ್ಟದಲ್ಲಿ ಮಳೆನೀರಿಗೆ ಒಂದು ಬೆಲೆ ಕಟ್ಟಿಕೊಡಬಲ್ಲ ಗಿಡ ಇದು ಎನ್ನುತ್ತಿದ್ದೇನೆ.

ಪ್ರಾಮಾಣಿಕವಾಗಿ ಹೇಳಬೇಕಾದ ಒಂದು ತಿದ್ದುಪಡಿಯೂ ಇದೆ. ಶುದ್ಧ ಮಳೆನೀರೊಂದನ್ನೇ ವರ್ಷಗಟ್ಟಲೆ ಹಾಕಿದರೆ ಗಿಡಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಲದೆ ಹೊಸ ಎಲೆಯ ತುದಿ ಕಪ್ಪಾಗಬಹುದು. ಕಾಡಿನಲ್ಲಿ ಅದು ತೊಗಟೆಯಿಂದ, ದೂಳಿನಿಂದ, ಹಕ್ಕಿಯ ಹಿಕ್ಕೆಯಿಂದ ಸಿಗುತ್ತಿತ್ತು. ಹತ್ತು ಪಾಲು ಮಳೆನೀರಿಗೆ ಒಂದು ಪಾಲು ಕೊಳವೆಬಾವಿ ನೀರು ಬೆರೆಸಿದರೆ ಆ ಕೊರತೆ ನೀಗುತ್ತದೆ. ಅಂದರೆ ನಮ್ಮ ಗಡಸು ನೀರು ವಿಷವಲ್ಲ, ಒಗ್ಗರಣೆಯ ಇಂಗಿನಂತೆ ಚಿಟಿಕೆಯಷ್ಟು ಸಾಕು. ಗೊಬ್ಬರವೂ ಹಾಗೆಯೇ: ಪೊಟ್ಟಣದ ಮೇಲೆ ಬರೆದ ಪ್ರಮಾಣದ ಕಾಲುಭಾಗ, ವಾರಕ್ಕೊಮ್ಮೆ, ಬೇರು ಒದ್ದೆಯಿದ್ದಾಗ.

ನೀರು ಸರಿಯಾದ ಮೇಲೆ ಉಳಿದ ಅಗತ್ಯಗಳನ್ನು ಈ ತಾಲ್ಲೂಕುಗಳೇ ಪೂರೈಸುತ್ತವೆ. ಅಂಗಡಿಯ ಫಲನಾಪ್ಸಿಸ್ ಬಿಗಿಯಾಗಿ ತುರುಕಿದ ಪಾಚಿಯಲ್ಲಿ ಬರುತ್ತದೆ. ಸಾಗಣೆಗೆ ಅದು ಅನುಕೂಲ, ಮನೆಯಲ್ಲಿ ನೀರು ಹಿಡಿದಿಟ್ಟುಕೊಂಡು ಬೇರು ಕೊಳೆಸುತ್ತದೆ. ಹೂ ಮುಗಿದ ಕೂಡಲೇ ಆ ಪಾಚಿಯನ್ನು ತೆಗೆದುಹಾಕಬೇಕು. ಅದರ ಬದಲಿಗೆ ಹೆಂಚಿನ ಚೂರು, ಇಟ್ಟಿಗೆ ಚೂರು, ಇದ್ದಿಲು, ತೆಂಗಿನ ಸಿಪ್ಪೆಯ ತುಂಡು ದಕ್ಷಿಣ ಭಾರತದ ಆರ್ಕಿಡ್ ಬೆಳೆಗಾರರ ಹಳೆಯ ಮಿಶ್ರಣ. ಹೆಂಚು, ಇಟ್ಟಿಗೆಗೆ ಮಾಲೂರಿಗಿಂತ ಬೇರೆ ಊರು ಹುಡುಕಬೇಕಾಗಿಲ್ಲ, ಗೂಡುಗಳ ಬಳಿ ಒಡೆದ ಚೂರುಗಳ ರಾಶಿಯೇ ಇರುತ್ತದೆ. ಎಲ್ಲವನ್ನೂ ಒಂದೆರಡು ದಿನ ನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ ಬಳಸಬೇಕು, ಏಕೆಂದರೆ ಸಿಪ್ಪೆಯಲ್ಲೂ ಇಟ್ಟಿಗೆಯಲ್ಲೂ ಉಪ್ಪಿರುತ್ತದೆ. ಪೂರ್ವದಿಕ್ಕಿನ ಕಿಟಕಿ ಅಥವಾ ಬೆಳಗಿನ ಬಿಸಿಲು ಬೀಳುವ ಜಗುಲಿ ಒಳ್ಳೆಯ ಜಾಗ. ಎಲೆ ಕಡುಹಸಿರಾದರೆ ಬೆಳಕು ಸಾಲದು, ಕೆಂಪಾಗಿ ಹಳದಿ ತಿರುಗಿದರೆ ಹೆಚ್ಚು. ಒಣಗಾಳಿ ನಿಜವಾಗಿ ಕಾಡುವುದು ಮಾರ್ಚ್, ಏಪ್ರಿಲ್ ಎರಡು ತಿಂಗಳು. ಆಗ ಕುಂಡಗಳನ್ನು ಗುಂಪಾಗಿಟ್ಟು, ಕೆಳಗೆ ಒದ್ದೆ ಮರಳಿನ ತಟ್ಟೆಯಿಟ್ಟು, ಮೇಲೆ ನೆರಳುಪರದೆ ಕಟ್ಟಿದರೆ ದಾಟಬಹುದು. ಫ್ಯಾನಿನ ಕೆಳಗೆ, ದೇವರ ಮನೆಯ ದೀಪದ ಹತ್ತಿರ ಮಾತ್ರ ಇಡಬಾರದು.

ಆರ್ಕಿಡ್ ಪರದೇಶದ ಹೂ, ನಮ್ಮ ಮಲ್ಲಿಗೆ, ಕನಕಾಂಬರ ಇರುವಾಗ ಅದೇಕೆ ಎಂಬ ಮಾತೂ ಕೇಳಿಬರುತ್ತದೆ. ಟೊಮೆಟೊ, ಆಲೂಗಡ್ಡೆ ಎರಡೂ ದಕ್ಷಿಣ ಅಮೆರಿಕದಿಂದ ಬಂದವು, ಕೋಲಾರದ ಮಾರುಕಟ್ಟೆಯಲ್ಲಿ ಅವನ್ನು ಯಾರೂ ಪರದೇಶಿಗಳೆಂದು ನೋಡುವುದಿಲ್ಲ. ಆರ್ಕಿಡ್ ವಿಷಯದಲ್ಲಿ ಅಷ್ಟು ವಾದವೂ ಬೇಕಿಲ್ಲ. ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆ 2019ರಲ್ಲಿ ಹೊರತಂದ ಪಟ್ಟಿಯಂತೆ ನಮ್ಮ ದೇಶದಲ್ಲಿ 1,256 ಆರ್ಕಿಡ್ ಪ್ರಭೇದಗಳಿವೆ. ಎಲ್ಲವೂ ಮಳೆಕಾಡಿನವಲ್ಲ. ವಾಂಡಾ ಟೆಸೆಲಾಟ ಎಂಬುದನ್ನೇ ನೋಡಿ. ಇದನ್ನು ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರ್ಗ್ 1795ರಲ್ಲಿ, ಕೋರಮಂಡಲ ತೀರದ ಸಸ್ಯಗಳ ಕುರಿತ ತನ್ನ ಗ್ರಂಥದಲ್ಲಿ ವರ್ಣಿಸಿದ. ಮಾವು, ಹುಣಸೆ, ಹೊಂಗೆ, ಬೇವಿನಂಥ ಮರಗಳ ಮೇಲೆ ದಖನ್ನಿನ ಒಣಪ್ರದೇಶದಲ್ಲಿ ಬೆಳೆಯುವ ಗಿಡ ಇದು. ಹಳದಿ ಕಂದು ಚೌಕಳಿಯ ದಳ, ನೀಲಿ ನೇರಳೆ ತುಟಿ, ಒಳ್ಳೆಯ ಪರಿಮಳ. ಬೇಸಿಗೆಯನ್ನು ಹುಟ್ಟಿನಿಂದಲೇ ಬಲ್ಲ ಈ ವಾಂಡಾ ನಮ್ಮ ಜಗುಲಿಗಳಿಗೆ ಯಾವ ಫಲನಾಪ್ಸಿಸ್‌ಗಿಂತಲೂ ತಕ್ಕದ್ದು.

ಹಾಗಾದರೆ ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಕಂಡದ್ದನ್ನು ಕಿತ್ತು ತಂದರಾಯಿತಲ್ಲ ಎನ್ನುವವರಿಗೆ ಉತ್ತರ: ತರಬಾರದು. ಆರ್ಕಿಡ್ ಬೀಜ ದೂಳಿನಷ್ಟು ಸಣ್ಣದು, ಅದರಲ್ಲಿ ಮೊಳಕೆಗೆ ಬೇಕಾದ ಆಹಾರದ ಗಂಟಿಲ್ಲ. ತೊಗಟೆಯ ಮೇಲೆ ಸರಿಯಾದ ಶಿಲೀಂಧ್ರ ಸಿಕ್ಕಿ ಅದು ಉಣಿಸಿದರೆ ಮಾತ್ರ ಲಕ್ಷಾಂತರ ಬೀಜಗಳಲ್ಲಿ ಒಂದೆರಡು ಗಿಡವಾಗುತ್ತವೆ, ಹೂಬಿಡಲು ವರ್ಷಗಳೇ ಹಿಡಿಯುತ್ತವೆ. ಕಿತ್ತಾಗ ಬೇರು ಹರಿದು, ತಂದ ಗಿಡವೂ ಬಹುಮಟ್ಟಿಗೆ ಸಾಯುತ್ತದೆ. ರಾಸ್ನೆಯ ಹೆಸರಿನಲ್ಲಿ ಔಷಧಿಗಾಗಿ ಈ ವಾಂಡಾದ ಬೇರನ್ನು ಕೀಳುವುದರಿಂದ ಮೊದಲೇ ಇದು ನಲುಗಿದೆ. ಮೀಸಲು ಅರಣ್ಯದಿಂದ ತೆಗೆಯುವುದಂತೂ ಅಪರಾಧ. ಜಗತ್ತಿನ ಆರ್ಕಿಡ್ ಪ್ರಭೇದಗಳೆಲ್ಲವೂ ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ತೋಪಿನವರಲ್ಲಿ ಒಂದು ಕೋರಿಕೆಯೂ ಇದೆ. ಮಾವಿನ ಮರದಿಂದ ಬಂದಳಿಕೆ ಕಡಿಯುವಾಗ ಆರ್ಕಿಡ್ಡನ್ನೂ ಅದರ ಜೊತೆ ಕಿತ್ತೆಸೆಯಲಾಗುತ್ತದೆ. ಬಂದಳಿಕೆ ಕೊಂಬೆಯೊಳಗೆ ಬೇರೂರಿ ರಸ ಹೀರುತ್ತದೆ, ಅದು ಕೂತ ಕಡೆ ಗಂಟು ಊದಿಕೊಂಡು ಮುಂದಿನ ಭಾಗ ಒಣಗುತ್ತದೆ, ಅದನ್ನು ಕಡಿಯಲೇಬೇಕು. ಆರ್ಕಿಡ್ಡಿನ ಬೇರು ಬೆಳ್ಳಗೆ ದಪ್ಪಗೆ ತೊಗಟೆಯ ಮೇಲಷ್ಟೇ ಹರಿದಿರುತ್ತದೆ, ಎಲೆಗಳು ಪಟ್ಟಿಯಂತೆ ಎರಡು ಸಾಲಿನಲ್ಲಿ ಇರುತ್ತವೆ. ಅದು ಮರಕ್ಕೆ ಏನನ್ನೂ ಮಾಡುವುದಿಲ್ಲ, ಕೂರಲು ಜಾಗ ಕೇಳುತ್ತದೆ ಅಷ್ಟೆ.

ಗಿಡ ಬೇಕೆನ್ನುವವರಿಗೆ ದಾರಿ ನರ್ಸರಿಯದು. ಶಿಲೀಂಧ್ರದ ನೆರವಿಲ್ಲದೆ, ಸಕ್ಕರೆ ಬೆರೆಸಿದ ಪಾಕದ ಮೇಲೆ ಆರ್ಕಿಡ್ ಬೀಜ ಮೊಳೆಸಬಹುದೆಂದು ಅಮೆರಿಕದ ಸಸ್ಯವಿಜ್ಞಾನಿ ಲೂಯಿಸ್ ನಡ್ಸನ್ ತೋರಿಸಿಕೊಟ್ಟು ನೂರು ವರ್ಷ ದಾಟಿತು; ಆ ಪ್ರಕಟಣೆ 1922ರದ್ದು. ಇಂದು ಯಾವುದೇ ಅಂಗಾಂಶ ಕೃಷಿ ಪ್ರಯೋಗಾಲಯಕ್ಕೆ ಅದು ದೊಡ್ಡ ವಿದ್ಯೆಯಲ್ಲ, ಒಂದೇ ಕಾಯಿಯಿಂದ ಸಾವಿರಾರು ಸಸಿ ತೆಗೆಯಬಹುದು. ಕೋಲಾರದ ಟಮಕದಲ್ಲಿ ತೋಟಗಾರಿಕೆ ಕಾಲೇಜಿದೆ, ಶ್ರೀನಿವಾಸಪುರ ತಾಲ್ಲೂಕಿನ ಹೊಗಳಗೆರೆಯಲ್ಲಿ ಮಾವು ಅಭಿವೃದ್ಧಿ ಕೇಂದ್ರವಿದೆ, ಮಾಲೂರಿನ ಸುತ್ತ ಹೂ ಬೆಳೆಯುವ ಪಾಲಿಹೌಸುಗಳಿವೆ. ಸಿಕ್ಕಿಂನ ಪಾಕ್ಯೋಂಗ್‌ನಲ್ಲಿ 1996ರಿಂದ ರಾಷ್ಟ್ರೀಯ ಆರ್ಕಿಡ್ ಸಂಶೋಧನಾ ಕೇಂದ್ರವೇ ಇದೆ, ಅದರ ತಿಳಿವನ್ನು ಕೇಳಿ ಪಡೆಯಬಹುದು. ಒಣಸೀಮೆಯ ವಾಂಡಾ ಮತ್ತು ನಮ್ಮ ಚಳಿಗೆ ಹೊಂದುವ ಡೆಂಡ್ರೋಬಿಯಂ ಸಸಿಗಳನ್ನು ಇಲ್ಲೇ ಬೆಳೆಸಿ ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಮಾರುವುದು ಆಗಬೇಕಾದ ಕೆಲಸ. ಪ್ರತಿ ಕುಂಡದ ಜೊತೆ, ಇದಕ್ಕೆ ಯಾವ ನೀರು, ಎಷ್ಟು, ಯಾವಾಗ ಎಂದು ಕನ್ನಡದಲ್ಲಿ ನಾಲ್ಕು ಸಾಲು ಬರೆದ ಚೀಟಿ ಇರಲಿ. ಖಾಸಗಿ ಅಂಗಡಿಯವರೂ ಅಷ್ಟು ಮಾಡಬಹುದು. ಒಂದು ವರ್ಷದಲ್ಲಿ ಸಾಯುವ ಗಿಡ ಮಾರಿ ಕಳೆದುಕೊಳ್ಳುವ ಗಿರಾಕಿಗಿಂತ ಎರಡನೆಯ ವರ್ಷ ಹೂ ಕಂಡು ಇನ್ನೊಂದು ಕುಂಡಕ್ಕೆ ಬರುವ ಗಿರಾಕಿ ಅವರಿಗೂ ಲಾಭ. ಹಿಂಗಾರು ಶುರುವಾಗುವ ಹೊತ್ತಿಗೆ, ಅಂದರೆ ಡ್ರಮ್ ತುಂಬಿಸಿಕೊಳ್ಳಲು ಸಮಯವಿರುವಾಗ, ಸಸಿ ಮಾರಾಟ ಆರಂಭಿಸಿದರೆ ಇನ್ನೂ ಒಳ್ಳೆಯದು. ಮಾರ್ಚ್ ತಿಂಗಳಲ್ಲಿ ಆರ್ಕಿಡ್ ಕೊಂಡವರ ಬಳಿ ಹಾಕಲು ಕೊಳವೆಬಾವಿ ನೀರನ್ನು ಬಿಟ್ಟರೆ ಬೇರೇನೂ ಇರುವುದಿಲ್ಲ.